ಸ್ಟ್ರೋಕ್ ತರಬೇತಿಗೆ ಬರುವ ಕಿರಿಯ ವೈದ್ಯರು ಪದೇ ಪದೇ ಕೇಳುವ ಪ್ರಶ್ನೆಗಳು

ಮೆದುಳಿನ ರಕ್ತನಾಳಗಳ ಕಾಯಿಲೆ ಬಗ್ಗೆ ಎರಡು ದಿನದ ಕಾರ್ಯಾಗಾರಗಳಲ್ಲಿ ಹಲವು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಬರುವವರಲ್ಲಿ ಹೆಚ್ಚಿನವರು ಹೌಸ್ ಸರ್ಜನ್‌ಗಳು, ಮೆಡಿಸಿನ್ ಪಿಜಿಗಳು, ತಾಲ್ಲೂಕು ಆಸ್ಪತ್ರೆಗಳ ಡ್ಯೂಟಿ ಡಾಕ್ಟರುಗಳು. "ಪ್ರಶ್ನೆ ಇದ್ದರೆ ಕೇಳಿ" ಎಂದಾಗ ಸಭಾಂಗಣದಲ್ಲಿ ಒಂದು ಕೈಯೂ ಮೇಲೇಳುವುದಿಲ್ಲ. ಟೀ ಲೋಟ ಹಿಡಿದು ಪಕ್ಕಕ್ಕೆ ಬಂದಾಗ, ಊರಿಗೆ ಹೋದ ಮೇಲೆ ಮೆಸೇಜು ಕಳಿಸುವಾಗ, ನೈಟ್ ಡ್ಯೂಟಿಯಲ್ಲಿ ರೋಗಿಯ ಪಕ್ಕ ನಿಂತು ಫೋನ್ ಮಾಡುವಾಗ ನಿಜವಾದ ಪ್ರಶ್ನೆಗಳು ಬರುತ್ತವೆ. ಅವನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ. ಔಷಧಿಯ ಪ್ರಮಾಣ ಬಂದ ಕಡೆಯೆಲ್ಲ ನಿಮ್ಮ ಆಸ್ಪತ್ರೆಯ ಪ್ರೋಟೊಕಾಲ್ ಒಮ್ಮೆ ನೋಡಿಯೇ ಮುಂದುವರಿಯಿರಿ.

## ಬರುವ ಮುಂಚೆ

ಮೇಡಂ, ನಾನು ನ್ಯೂರಾಲಜಿಸ್ಟ್ ಆಗಬೇಕು ಅಂತಿಲ್ಲ. ತಾಲ್ಲೂಕು ಆಸ್ಪತ್ರೆ ಡ್ಯೂಟಿ ಡಾಕ್ಟರ್. ನನಗೆ ಯಾಕೆ ಈ ತರಬೇತಿ?

ಈ ತರಬೇತಿ ಇರುವುದೇ ನಿಮಗಾಗಿ. ಲಕ್ವ ಹೊಡೆದ ರೋಗಿ ಮೊದಲು ಬರುವುದು ನನ್ನ ಹತ್ತಿರ ಅಲ್ಲ, ನಿಮ್ಮ ಹತ್ತಿರ. ದೊಡ್ಡ ರಕ್ತನಾಳ ಕಟ್ಟಿಕೊಂಡಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು 2006ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ರೋಗಿ ನನ್ನ ಮುಂದೆ ಬರುವ ಹೊತ್ತಿಗೆ ಆ ನಿಮಿಷಗಳಲ್ಲಿ ಮುಕ್ಕಾಲು ಪಾಲು ಖರ್ಚಾಗಿರುತ್ತದೆ. ನೀವು ಹತ್ತು ನಿಮಿಷದಲ್ಲಿ ಗುರುತಿಸಿ ಗಾಡಿ ಹತ್ತಿಸಿದರೆ ನನ್ನ ಕೈಯಲ್ಲಿ ಏನಾದರೂ ಮಾಡಲು ಉಳಿದಿರುತ್ತದೆ. "ಒಂದು ಬಾಟ್ಲಿ ಹಾಕಿ ಬೆಳಿಗ್ಗೆ ನೋಡೋಣ" ಎಂದರೆ ಉಳಿಯುವುದಿಲ್ಲ.

ಕರ್ನಾಟಕ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಶುರು ಮಾಡಿದಾಗಲೂ ಕೋಲಾರ, ಚಿಕ್ಕಬಳ್ಳಾಪುರದಂಥ ಜಿಲ್ಲೆಗಳಲ್ಲಿ ಪ್ರಾಥಮಿಕ ಹಂತದ ವೈದ್ಯರ ತರಬೇತಿಗೇ ಒತ್ತು ಕೊಟ್ಟಿದ್ದು ಇದೇ ಕಾರಣಕ್ಕೆ.

ಸೆರೆಬ್ರೋವ್ಯಾಸ್ಕುಲರ್ ಡಿಸೀಸ್ ಅಂದ್ರೆ ಸ್ಟ್ರೋಕ್ ತಾನೆ? ಹೆಸರು ಯಾಕೆ ಅಷ್ಟು ಉದ್ದ?

ಸ್ಟ್ರೋಕ್ ಅದರಲ್ಲಿ ದೊಡ್ಡ ಭಾಗ, ಪೂರ್ತಿ ಅಲ್ಲ. ನಾಳ ಕಟ್ಟಿಕೊಂಡು ಆಗುವ ಇಸ್ಕೀಮಿಕ್ ಸ್ಟ್ರೋಕ್, ಮೆದುಳಿನೊಳಗೆ ನಾಳ ಒಡೆದು ಆಗುವ ರಕ್ತಸ್ರಾವ, ಅನ್ಯೂರಿಸಂ (ನಾಳದ ಗೋಡೆಯ ಉಬ್ಬು) ಒಡೆದು ಮೆದುಳಿನ ಸುತ್ತ ರಕ್ತ ಹರಡುವ ಸಬ್‌ಅರಾಕ್ನಾಯ್ಡ್ ರಕ್ತಸ್ರಾವ, ಸಿರೆಗಳು ಹೆಪ್ಪುಗಟ್ಟುವ ಸಿವಿಟಿ, ಕೆಲವೇ ನಿಮಿಷ ಬಂದು ಹೋಗುವ ಟಿಐಎ ಎಲ್ಲ ಇದರೊಳಗೇ ಬರುತ್ತವೆ. ಒಂದಕ್ಕೆ ಔಷಧಿಯಾದದ್ದು ಇನ್ನೊಂದಕ್ಕೆ ವಿಷ. ಅದಕ್ಕೇ ಇವನ್ನು ಒಟ್ಟಿಗೆ ಇಟ್ಟು ಕಲಿಸುತ್ತೇವೆ.

ಎರಡು ದಿನದಲ್ಲಿ ಏನು ಕಲಿಸ್ತೀರಿ? ಬರೀ ಲೆಕ್ಚರ್ ಆದರೆ ಮನೆಯಲ್ಲೇ ವಿಡಿಯೊ ನೋಡ್ತೀನಿ.

ಲೆಕ್ಚರ್ ಅರ್ಧ ದಿನ ಕೂಡ ಇರುವುದಿಲ್ಲ. ಉಳಿದ ಹೊತ್ತು ಮೇಜಿನಿಂದ ಮೇಜಿಗೆ ಹೋಗುತ್ತೀರಿ. ಒಂದು ಕಡೆ ಪ್ಲೇನ್ ಸಿಟಿ ಓದುವುದು, ಇನ್ನೊಂದು ಕಡೆ ರೋಗಿಯ ಪಾತ್ರ ಹಾಕಿದವರ ಮೇಲೆ ಸ್ಟ್ರೋಕಿನ ತೀವ್ರತೆಯನ್ನು ಅಂಕಗಳಲ್ಲಿ ಅಳೆಯುವ ಎನ್‌ಐಎಚ್‌ಎಸ್‌ಎಸ್ ಮಾಡುವುದು, ಮತ್ತೊಂದು ಕಡೆ ನುಂಗುವ ಪರೀಕ್ಷೆ. ಎರಡನೇ ದಿನ ಅಣಕು ಕೋಡ್ ಸ್ಟ್ರೋಕ್ ಇರುತ್ತದೆ: ಸ್ಟ್ರೆಚರ್ ಒಳಗೆ ಬಂದ ಕ್ಷಣ ಸ್ಟಾಪ್‌ವಾಚ್ ಒತ್ತುತ್ತೇವೆ, ಸಂಬಂಧಿಕರ ಪಾತ್ರದವರು ಅಳುತ್ತಾರೆ, ಜಗಳ ಮಾಡುತ್ತಾರೆ, ಬಿಪಿ ಏರುತ್ತದೆ, ನೀವು ಆ ಗಲಾಟೆಯಲ್ಲಿ ನಿರ್ಧಾರ ಮಾಡಬೇಕು. ಮೊದಲ ಸುತ್ತಿನಲ್ಲಿ ಹೆಚ್ಚಿನ ತಂಡಗಳು ಶುಗರ್ ನೋಡುವುದನ್ನೇ ಮರೆಯುತ್ತವೆ. ಎರಡನೇ ಸುತ್ತಿನಲ್ಲಿ ಯಾರೂ ಮರೆಯುವುದಿಲ್ಲ. ವಿಡಿಯೊದಿಂದ ಸಿಗದಿರುವುದು ಅದೇ.

ಮೊದಲೇ ಏನು ಓದಿಕೊಂಡು ಬರಲಿ?

ಮಿಡ್ಲ್, ಆಂಟೀರಿಯರ್, ಪೋಸ್ಟೀರಿಯರ್ ಸೆರೆಬ್ರಲ್ ರಕ್ತನಾಳಗಳ ಹರವು ಗೊತ್ತಿರಲಿ. ಎನ್‌ಐಎಚ್‌ಎಸ್‌ಎಸ್ ತರಬೇತಿ ಆನ್‌ಲೈನಿನಲ್ಲಿ ಸಿಗುತ್ತದೆ, ಒಮ್ಮೆ ನೋಡಿ ಬನ್ನಿ. ನೀವೇ ನೋಡಿದ, ಮನಸ್ಸಿಗೆ ಕೊರೆಯುತ್ತಿರುವ ಒಂದು ಕೇಸ್ ಹೆಸರಿಲ್ಲದೆ ಬರೆದು ತನ್ನಿ. ಪುಸ್ತಕಕ್ಕಿಂತ ಅದರಿಂದ ಹೆಚ್ಚು ಕಲಿಯುತ್ತೀರಿ.

## ರೋಗಿಯ ಪಕ್ಕ ನಿಂತಾಗ

ಗಡಿಯಾರ ಯಾವಾಗಿಂದ ಶುರು? ಮನೆಯವರು ಒಬ್ಬೊಬ್ಬರು ಒಂದೊಂದು ಟೈಮ್ ಹೇಳ್ತಾರೆ.

ಲಕ್ಷಣ ಕಂಡ ಹೊತ್ತಿನಿಂದ ಅಲ್ಲ. ರೋಗಿ ಸರಿಯಾಗಿದ್ದದ್ದನ್ನು ಯಾರಾದರೂ ಕೊನೆಯ ಬಾರಿ ಕಣ್ಣಾರೆ ಕಂಡ ಹೊತ್ತಿನಿಂದ. ಇದನ್ನು ಕೇಳುವುದು ಒಂದು ಕಲೆ, ಹಾಗಾಗಿ ಒಂದು ಪ್ರಸಂಗ ಹೇಳುತ್ತೇನೆ.

ಅರವತ್ತು ದಾಟಿದ ರೈತ, ಬಲಗಡೆ ಸ್ವಾಧೀನವಿಲ್ಲ, ಮಾತು ನಿಂತಿದೆ. ಕರೆತಂದ ಮಗ ಹೇಳಿದ್ದು: "ರಾತ್ರಿ ಒಂಬತ್ತಕ್ಕೆ ಊಟ ಮಾಡಿ ಮಲಗಿದ್ರು, ಬೆಳಿಗ್ಗೆ ನೋಡಿದ್ರೆ ಹಿಂಗಾಗಿತ್ತು." ಕೇಸ್ ಶೀಟಿನಲ್ಲಿ 'ರಾತ್ರಿ 9' ಎಂದು ಬರೆದಾಯಿತು. ಆ ಲೆಕ್ಕದಲ್ಲಿ ಹನ್ನೊಂದು ಗಂಟೆ ಮೀರಿತ್ತು, ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾದ ಹೆಪ್ಪು ಕರಗಿಸುವ ಇಂಜೆಕ್ಷನ್ ಪ್ರಶ್ನೆಯೇ ಇಲ್ಲ. ಪಕ್ಕದಲ್ಲಿದ್ದ ಹೌಸ್ ಸರ್ಜನ್ ಹುಡುಗಿ ಹಳ್ಳಿಯವಳು. ಬಾಗಿಲ ಬಳಿ ನಿಂತಿದ್ದ ಸೊಸೆಯನ್ನು ಕೇಳಿದಳು: "ಅಕ್ಕ, ಇವತ್ತು ಬೆಳಿಗ್ಗೆ ಹಸು ಹಾಲು ಕರೆದವರು ಯಾರು?" "ಮಾವನೇ. ಡೇರಿಗೂ ಅವರೇ ಹೋಗಿ ಹಾಕಿ ಬಂದ್ರು. ಬಂದು ಮತ್ತೆ ಅಡ್ಡಾದ್ರು." ಅಂಗಿ ಜೇಬಿನಲ್ಲಿ ಡೇರಿಯ ಚೀಟಿ ಇತ್ತು, ಅದರ ಮೇಲೆ 6.20 ಎಂದು ಅಚ್ಚಾಗಿತ್ತು. ಆಗ ಗಂಟೆ 8.40. ಮಗ ಆ ಹೊತ್ತಿನಲ್ಲಿ ನಿದ್ದೆಯಲ್ಲಿದ್ದ, ಅವನು ಸುಳ್ಳು ಹೇಳಿರಲಿಲ್ಲ.

ಹಾಗಾಗಿ "ಯಾವಾಗ ಶುರುವಾಯ್ತು" ಎಂದು ಕೇಳಬೇಡಿ. "ಕಾಫಿ ಕುಡಿದರಾ? ಪೇಪರ್ ಓದಿದರಾ? ಕೊನೆಗೆ ಯಾರ ಹತ್ತಿರ ಫೋನಲ್ಲಿ ಮಾತಾಡಿದರು? ಆಗ ಮಾತು ಸರಿಯಿತ್ತಾ?" ಎಂದು ಕೇಳಿ. ಫೋನಿನ ಕಾಲ್ ಲಿಸ್ಟ್ ನೋಡಿ. ಯಾರು ಹೇಳಿದರು ಎಂಬುದನ್ನೂ ಬರೆಯಿರಿ. ನಿಜವಾಗಿಯೂ ನಿದ್ದೆಯಲ್ಲೇ ಆಗಿದ್ದರೂ ಬಾಗಿಲು ಮುಚ್ಚಿಲ್ಲ: ಎಂಆರ್‌ಐನಲ್ಲಿ ಡಿಫ್ಯೂಷನ್ ಚಿತ್ರದ ಮೇಲೆ ಪೆಟ್ಟು ಕಂಡು ಫ್ಲೇರ್ ಚಿತ್ರದ ಮೇಲೆ ಇನ್ನೂ ಕಾಣದಿದ್ದರೆ, ಅಂದರೆ ಪೆಟ್ಟು ಹೊಸದಾಗಿದ್ದರೆ, ಅಂಥವರಿಗೂ ಇಂಜೆಕ್ಷನ್ ಪ್ರಯೋಜನವಾಗುತ್ತದೆ ಎಂದು 2018ರ ವೇಕ್-ಅಪ್ ಅಧ್ಯಯನ ತೋರಿಸಿತು.

ಎನ್‌ಐಎಚ್‌ಎಸ್‌ಎಸ್ ಇಂಗ್ಲಿಷಿನಲ್ಲಿದೆ. ನಮ್ಮ ಅಜ್ಜಿಗೆ ಕನ್ನಡದಲ್ಲಿ ಹೇಗೆ ಮಾಡೋದು?

ಅಂಕ ಸೊನ್ನೆಯಿಂದ 42ರವರೆಗೆ, ಹನ್ನೊಂದು ವಿಭಾಗ. ಕೈಕಾಲಿನ ಪರೀಕ್ಷೆಗೆ ಭಾಷೆ ಅಡ್ಡಿಯಲ್ಲ: ಕೈಯನ್ನು ಹತ್ತು ಸೆಕೆಂಡು, ಕಾಲನ್ನು ಐದು ಸೆಕೆಂಡು ಎತ್ತಿ ಹಿಡಿಸಿ, ಜೋರಾಗಿ "ಒಂದು, ಎರಡು" ಎಂದು ಎಣಿಸುತ್ತ ನಿಮ್ಮ ಬೆರಳನ್ನೂ ತೋರಿಸಿ. ಮಾತು ಅರ್ಥವಾಗದವರಿಗೆ ಬೆರಳು ಅರ್ಥವಾಗುತ್ತದೆ.

ತೊಡಕು ಬರುವುದು ಪ್ರಶ್ನೆಗಳಲ್ಲಿ. ತಿಂಗಳು ಯಾವುದು ಎಂದರೆ "ಕಾರ್ತಿಕ" ಎನ್ನುತ್ತಾರೆ. ಅದು ಸರಿಯಾದ ಉತ್ತರ, ತಪ್ಪು ಎಂದು ಬರೆಯಬೇಡಿ. ವಯಸ್ಸು ಕೇಳಿದರೆ "ಎಪ್ಪತ್ತೋ ಎಂಬತ್ತೋ" ಎನ್ನುವವರು ಮೊದಲಿಂದಲೂ ಹಾಗೇ ಹೇಳುತ್ತಿದ್ದರಾ ಎಂದು ಮನೆಯವರನ್ನು ಕೇಳಿ. ಚಿತ್ರದ ಕಾರ್ಡಿನಲ್ಲಿ ಕೈಗವಸು, ಮರಕ್ಕೆ ಕಟ್ಟಿದ ಜಾಲರಿಯ ತೂಗುಹಾಸಿಗೆ ಇವೆ. ಅವನ್ನು ಜೀವಮಾನದಲ್ಲಿ ನೋಡದವರು ಹೆಸರು ಹೇಳಲಿಲ್ಲವೆಂದು ಅಫೇಸಿಯಾ, ಅಂದರೆ ಮೆದುಳಿನ ಪೆಟ್ಟಿನಿಂದ ಭಾಷೆ ಹೋಗಿದೆ ಎನ್ನಲಾಗದು. ಜೊತೆಗೆ ಬೀಗದ ಕೈ, ಚೊಂಬು, ಬಾಚಣಿಗೆ, ಬಳೆ ತೋರಿಸಿ ನೋಡಿ, ಹಾಗೆ ನೋಡಿದ್ದೀರೆಂದು ಬರೆದಿಡಿ.

ತೊದಲು ಪರೀಕ್ಷಿಸಲು ತುಟಿ, ನಾಲಿಗೆ, ಗಂಟಲು ಮೂರೂ ದುಡಿಯುವ ಪದಗಳು ಬೇಕು. ನಾನು "ಅಮ್ಮ, ತಟ್ಟೆ, ಕಡಲೆಕಾಯಿ, ರಾಗಿರೊಟ್ಟಿ" ಹೇಳಿಸುತ್ತೇನೆ. "ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ" ಹೇಳಿಸುವುದು ಬೇಡ, ಅದಕ್ಕೆ ಆರೋಗ್ಯವಂತರ ನಾಲಿಗೆಯೂ ಎಡವುತ್ತದೆ.

ಜನರ ಮಾತನ್ನೂ ಕಲಿಯಿರಿ. "ಜೋಮು ಹಿಡಿದಿದೆ" ಎಂದರೆ ಸ್ಪರ್ಶ ಹೋಗಿದೆ ಎಂದೇ ಅಲ್ಲ, ಎಷ್ಟೋ ಜನ ಶಕ್ತಿ ಹೋದದ್ದಕ್ಕೂ ಅದನ್ನೇ ಹೇಳುತ್ತಾರೆ. "ಸ್ವಾಧೀನ ಇಲ್ಲ" ಎಂದರೆ ಶಕ್ತಿ ಹೋಗಿದೆ ಎಂದೇ ಹೆಚ್ಚಾಗಿ ಅರ್ಥ. "ಗಾಳಿ ಸೋಕಿದೆ" ಎಂದವರನ್ನು ನಕ್ಕು ಕಳಿಸಬೇಡಿ, ಏನಾಯಿತೆಂದು ಮಾಡಿ ತೋರಿಸಲು ಹೇಳಿ.

ಒಂದು ಎಚ್ಚರ: ಈ ಅಳತೆ ಮಾತಿನ ಕಡೆಗೆ, ಅಂದರೆ ಎಡ ಮೆದುಳಿನ ಕಡೆಗೆ ವಾಲಿದೆ. ಹಿಂಭಾಗದ ರಕ್ತನಾಳ ಕಟ್ಟಿಕೊಂಡವರು ನಿಲ್ಲಲಾಗದೆ ತೂರಾಡುತ್ತಿದ್ದರೂ ಅಂಕ ಎರಡೋ ಮೂರೋ ಬರಬಹುದು. ಎದ್ದು ನಿಲ್ಲಿಸಿ, ನಡೆಸಿ ನೋಡದೆ "ಮೈಲ್ಡ್" ಎಂದು ಬರೆಯಬೇಡಿ.

ಸ್ಟ್ರೋಕ್ ತರ ಕಂಡು ಸ್ಟ್ರೋಕ್ ಅಲ್ಲದೆ ಇದ್ರೆ?

ಮೊದಲು ಗ್ಲೂಕೋಮೀಟರ್. ಶುಗರ್ ಕುಸಿದರೆ ಥೇಟ್ ಲಕ್ವದ ಹಾಗೆ ಒಂದು ಪಕ್ಕ ಬೀಳಬಹುದು, ಗ್ಲೂಕೋಸ್ ಹೋಗುತ್ತಿದ್ದಂತೆ ಕೈ ಎತ್ತುತ್ತಾರೆ. ಫಿಟ್ಸ್ ಬಂದು ಹೋದ ಮೇಲಿನ ಬಲಹೀನತೆ, ಮೈಗ್ರೇನ್, ಮಾನಸಿಕ ಕಾರಣದ ಬಲಹೀನತೆ ಆಮೇಲಿನವು. ಬಾಯಿ ಸೊಟ್ಟಗಾದವರಿಗೆ ಹಣೆ ಸುಕ್ಕು ಮಾಡಲು ಹೇಳಿ: ಹಣೆಯೂ ಸುಕ್ಕಾಗದೆ, ಕಣ್ಣೂ ಮುಚ್ಚದೆ, ಕೈಕಾಲು ಸರಿಯಿದ್ದರೆ ಮುಖದ ನರಕ್ಕೆ ಮಾತ್ರ ತಗಲುವ ಬೆಲ್ಸ್ ಪಾಲ್ಸಿಯ ಸಾಧ್ಯತೆ ಹೆಚ್ಚು. ಬಿಡದೆ ತಲೆ ಸುತ್ತುತ್ತಿರುವವರಿಗೆ ಕಣ್ಣಿನ ಚಲನೆ ನೋಡುವ ಹಿಂಟ್ಸ್ ಪರೀಕ್ಷೆ ಮಾಡುತ್ತೇವೆ, ಅದನ್ನು ಕೈ ಹಿಡಿದೇ ಕಲಿಸಬೇಕು. ಅನುಮಾನ ಉಳಿದರೆ ಸ್ಟ್ರೋಕ್ ಎಂದೇ ನಡೆದುಕೊಳ್ಳಿ.

ನಮ್ಮಲ್ಲಿ ಸಿಟಿ ಇಲ್ಲ. ಒಂದು ಆಸ್ಪಿರಿನ್ ಕೊಟ್ಟು, ಬಿಪಿ ಇಳಿಸಿ ಕಳಿಸಬಹುದಾ?

ಎರಡೂ ಬೇಡ. ಕಟ್ಟಿಕೊಂಡಿದೆಯೋ ಒಡೆದಿದೆಯೋ ಕೈಯಿಂದ ಮುಟ್ಟಿ ಹೇಳಲು ಯಾರಿಂದಲೂ ಆಗದು, ನನ್ನಿಂದಲೂ ಆಗದು. ಒಡೆದಿರುವವರಿಗೆ ಆಸ್ಪಿರಿನ್ ಕೊಟ್ಟರೆ ತಪ್ಪಾಗುತ್ತದೆ. ನಾಲಿಗೆ ಕೆಳಗೆ ಬಿಪಿ ಇಳಿಸುವ ನಿಫೆಡಿಪಿನ್ ಒಡೆಯುವ ಹಳೆಯ ಅಭ್ಯಾಸ ಇನ್ನೂ ಕೆಲವು ಕಡೆ ಇದೆ. ಬಿಪಿ ದಿಢೀರನೆ ಕುಸಿದರೆ, ಅರೆಜೀವವಾಗಿ ಉಳಿದಿರುವ ಮೆದುಳಿನ ಭಾಗಕ್ಕೆ ಹೋಗುತ್ತಿದ್ದ ಅಷ್ಟಿಷ್ಟು ರಕ್ತವೂ ನಿಲ್ಲುತ್ತದೆ. ನೀವು ಮಾಡಬೇಕಾದ್ದು ಉಸಿರು ನೋಡುವುದು, ಶುಗರ್ ನೋಡುವುದು, ಸ್ವಾಧೀನ ಇರುವ ಕೈಗೆ ಐವಿ ಹಾಕುವುದು, 108ಕ್ಕೆ ಕರೆ ಮಾಡುವುದು, ಹೋಗುತ್ತಿರುವ ಆಸ್ಪತ್ರೆಗೆ ಮೊದಲೇ ಫೋನ್ ಮಾಡುವುದು.

ಚೀಟಿಯಲ್ಲಿ ರೋಗಿ ಕೊನೆಗೆ ಸರಿಯಿದ್ದ ಸಮಯ, ಶುಗರ್, ಬಿಪಿ, ವಾರ್ಫರಿನ್ ಅಥವಾ ಅಸಿಟ್ರಾಮ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ಇದೆಯೇ ಎಂಬುದು, ಜೊತೆಗೆ ಬರುತ್ತಿರುವವರ ಮೊಬೈಲ್ ನಂಬರ್ ಇರಲಿ. "ಸಿವಿಎ, ರೆಫರ್ಡ್ ಟು ಹೈಯರ್ ಸೆಂಟರ್" ಎಂಬ ಒಂದೇ ಸಾಲಿನ ಚೀಟಿ ತಂದ ರೋಗಿಗೆ ಎಲ್ಲವನ್ನೂ ಮೊದಲಿಂದ ಕೇಳಬೇಕಾಗುತ್ತದೆ, ಅಷ್ಟರಲ್ಲಿ ಹದಿನೈದು ನಿಮಿಷ ಹೋಗುತ್ತದೆ.

ಸಿಟಿ ನಾರ್ಮಲ್ ಅಂತ ರಿಪೋರ್ಟ್ ಬಂತು. ಹಾಗಾದ್ರೆ ಸ್ಟ್ರೋಕ್ ಇಲ್ವಲ್ಲ?

ಮೊದಲ ಕೆಲವು ಗಂಟೆಗಳಲ್ಲಿ ಇಸ್ಕೀಮಿಕ್ ಸ್ಟ್ರೋಕಿನ ಸಿಟಿ ನಾರ್ಮಲ್ ಇರುವುದೇ ಸಾಮಾನ್ಯ. ನಾವು ಸಿಟಿ ಮಾಡಿಸುವುದು ರಕ್ತಸ್ರಾವ ಇಲ್ಲವೆಂದು ಖಚಿತ ಮಾಡಿಕೊಳ್ಳಲು. ರೋಗಿಗೆ ಬಲಹೀನತೆ ಇದ್ದು ಸಿಟಿ ನಾರ್ಮಲ್ ಬಂದರೆ ಅದು ಸಂತೋಷದ ಸುದ್ದಿ, ಉಳಿಸಲು ಮೆದುಳು ಇನ್ನೂ ಇದೆ. ಕಣ್ಣು ಪಳಗಿದರೆ ಮೆದುಳಿನ ಒಳಭಾಗಗಳಾದ ಇನ್ಸುಲಾದ ಅಂಚು ಮಾಸಿರುವುದು, ಬೇಸಲ್ ಗ್ಯಾಂಗ್ಲಿಯಾದ ಗೆರೆ ಅಳಿಸಿರುವುದು, ಕಟ್ಟಿಕೊಂಡ ನಾಳ ಬೆಳ್ಳಗೆ ಕಾಣುವುದು ಗೊತ್ತಾಗುತ್ತದೆ. ಮೆದುಳಿನ ಇಂಥ ಬದಲಾವಣೆ ಎಷ್ಟು ಹರಡಿದೆ ಎಂದು ಹತ್ತು ಅಂಕಗಳಲ್ಲಿ ಅಳೆಯುವುದೇ ಆಸ್ಪೆಕ್ಟ್ಸ್.

ಪ್ರಜ್ಞೆ ಇದೆ, ಬಾಯಾರಿಕೆ ಅಂತಾರೆ. ಒಂದು ಗುಟುಕು ನೀರು ಕೊಡಬಾರದಾ?

ಪರೀಕ್ಷೆ ಮಾಡದೆ ಕೊಡಬಾರದು, ಮಾತ್ರೆಯನ್ನೂ ಕೊಡಬಾರದು. ನೆಟ್ಟಗೆ ಕೂರಿಸಿ, ಎಚ್ಚರವಾಗಿದ್ದಾರಾ ನೋಡಿ, ಚಮಚದಲ್ಲಿ ಒಂದಿಷ್ಟು ನೀರು ಕೊಟ್ಟು ಕೆಮ್ಮು ಬರುತ್ತದಾ ಗಮನಿಸಿ, ಆಮೇಲೆ "ಆ" ಎನ್ನಿಸಿ. ದನಿಯಲ್ಲಿ ನೀರು ಗುಳುಗುಳು ಎಂದಂತೆ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ವಾರ್ಡಿನಲ್ಲಿ ಪ್ರೀತಿಯಿಂದ ಮಲಗಿಸಿಕೊಂಡೇ ಗಂಜಿ, ಎಳನೀರು ಕುಡಿಸುತ್ತಾರೆ. ಮೂರನೇ ದಿನ ಜ್ವರ ಬಂದಾಗ ನ್ಯುಮೋನಿಯಾ ಆಗಿರುತ್ತದೆ. ಆಸ್ಟ್ರೇಲಿಯಾದ 19 ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನದಲ್ಲಿ ಅರ್ಧದಷ್ಟು ಕಡೆ ಜ್ವರ, ಶುಗರ್, ನುಂಗುವಿಕೆ ಮೂರನ್ನೂ ದಾದಿಯರೇ ಕಟ್ಟುನಿಟ್ಟಾಗಿ ನೋಡಿಕೊಂಡರು. ಅಲ್ಲಿ ಸಾವು ಅಥವಾ ಪರಾವಲಂಬನೆಗೆ ಈಡಾದವರು ನೂರಕ್ಕೆ ಸುಮಾರು 16ರಷ್ಟು ಕಡಿಮೆಯಾದರು (2011). ದುಬಾರಿ ಯಂತ್ರ ಯಾವುದೂ ಬೇಕಾಗಲಿಲ್ಲ.

## ಚಿಕಿತ್ಸೆಯ ನಿರ್ಧಾರ

ಇಂಜೆಕ್ಷನ್ ಕೊಟ್ಟ ಮೇಲೆ ಬ್ಲೀಡ್ ಆದ್ರೆ ನನ್ನ ತಲೆ ಮೇಲೆ ಬರಲ್ವಾ ಮೇಡಂ?

ಈ ಭಯವನ್ನು ನಾನೂ ಅನುಭವಿಸಿದ್ದೇನೆ, ಇದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 1995ರ ಎನ್‌ಐಎನ್‌ಡಿಎಸ್ ಅಧ್ಯಯನದಲ್ಲಿ ಹೆಪ್ಪು ಕರಗಿಸುವ ಆಲ್ಟೆಪ್ಲೇಸ್ ಪಡೆದವರಲ್ಲಿ ನೂರಕ್ಕೆ 6.4 ಮಂದಿಗೆ ಲಕ್ಷಣ ತೋರುವ ಮೆದುಳಿನ ರಕ್ತಸ್ರಾವ ಆಯಿತು, ಪಡೆಯದವರಲ್ಲಿ 0.6. ಆದರೂ ಮೂರು ತಿಂಗಳಿಗೆ ಸಾವು ಔಷಧಿ ಪಡೆದವರಲ್ಲಿ ಹೆಚ್ಚಾಗಲಿಲ್ಲ, ಹೆಚ್ಚುಕಮ್ಮಿ ಏನೂ ತೊಂದರೆಯಿಲ್ಲದೆ ಓಡಾಡುವವರ ಸಂಖ್ಯೆ ಏರಿತು. ಮೊದಲು ಮೂರು ಗಂಟೆಯಿದ್ದ ಗಡುವನ್ನು 2008ರಲ್ಲಿ ಎಕ್ಯಾಸ್-3 ಅಧ್ಯಯನ ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ಕೊಡದೆ ಕೂತರೂ ರೋಗಿಗೆ ಹಾನಿ ಆಗುತ್ತಲೇ ಇರುತ್ತದೆ. ಆ ಹಾನಿಗೆ ಯಾರೂ ನಿಮ್ಮನ್ನು ಕೇಳುವುದಿಲ್ಲ ಅಷ್ಟೆ.

ನಾನು ಮನೆಯವರಿಗೆ ಹೇಳುವುದು ಹೀಗೆ: "ನಿಮ್ಮ ತಂದೆಯವರ ಮೆದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಿದೆ. ಕರಗಿಸುವ ಔಷಧಿ ಇದೆ. ನೂರು ಜನಕ್ಕೆ ಕೊಟ್ಟರೆ ಆರು ಜನಕ್ಕೆ ಮೆದುಳಿನಲ್ಲಿ ರಕ್ತ ಸೋರಿ ಕಷ್ಟವಾಗಬಹುದು. ಕೊಡದಿದ್ದರೆ ಕೈ, ಮಾತು ಬರದೇ ಉಳಿಯುವ ಸಾಧ್ಯತೆ ಅದಕ್ಕಿಂತ ಬಹಳ ಹೆಚ್ಚು. ನನ್ನ ತಂದೆಯಾಗಿದ್ದರೆ ನಾನು ಕೊಡಿಸುತ್ತಿದ್ದೆ." ಇಷ್ಟು ಹೇಳಲು ಎರಡು ನಿಮಿಷ ಸಾಕು. ಬೆಂಗಳೂರಿನಿಂದ ಅಣ್ಣ ಬರಲಿ ಎಂದರೆ ಸ್ಪೀಕರ್ ಫೋನಿನಲ್ಲಿ ಅಣ್ಣನನ್ನೂ ಕೂರಿಸಿಕೊಳ್ಳಿ. ಹೇಳಿದ್ದನ್ನು, ಹೇಳಿದ ಹೊತ್ತನ್ನು ಬರೆದಿಡಿ.

ಬಿಪಿ 185/110ಕ್ಕಿಂತ ಕೆಳಗಿರಬೇಕು, ಕೊಟ್ಟ ಮೇಲೆ 24 ಗಂಟೆ 180/105ಕ್ಕಿಂತ ಕೆಳಗೆ. ರಕ್ತ ಪರೀಕ್ಷೆಗಳಲ್ಲಿ ಶುಗರ್ ಒಂದಕ್ಕೆ ಮಾತ್ರ ಕಾಯಲೇಬೇಕು. ರಕ್ತ ತೆಳುವಾಗಿಸುವ ಮಾತ್ರೆ ಅಥವಾ ರಕ್ತಸ್ರಾವದ ಕಾಯಿಲೆಯ ಸುಳಿವು ಇದ್ದರೆ ಬೇರೆ ಮಾತು.

ಆಲ್ಟೆಪ್ಲೇಸೋ ಟೆನೆಕ್ಟೆಪ್ಲೇಸೋ?

ಎರಡೂ ಹೆಪ್ಪು ಕರಗಿಸುವ ಔಷಧಿಗಳೇ, ನಿಮ್ಮ ಕೈಗೆ ಬೇಗ ಸಿಗುವುದನ್ನು ಕೊಡಿ. ಆಲ್ಟೆಪ್ಲೇಸ್ ರೋಗಿಯ ತೂಕದ ಕಿಲೋಗೆ 0.9 ಮಿಲಿಗ್ರಾಂ, ಗರಿಷ್ಠ 90: ಹತ್ತನೇ ಒಂದು ಭಾಗ ಒಮ್ಮೆಗೇ, ಉಳಿದದ್ದು ಒಂದು ಗಂಟೆಯಲ್ಲಿ. ಟೆನೆಕ್ಟೆಪ್ಲೇಸ್ ಕಿಲೋಗೆ 0.25, ಗರಿಷ್ಠ 25, ಒಂದೇ ಸಲಕ್ಕೆ ಮುಗಿಯುತ್ತದೆ. ಕೆನಡಾದ ಆಕ್ಟ್ ಅಧ್ಯಯನ (2022) ಎರಡೂ ಸಮಸಮ ಎಂದಿತು. ಆಂಬುಲೆನ್ಸಿನಲ್ಲಿ ಕಳಿಸುವಾಗ ಪಂಪಿನ ಕಾಟವಿಲ್ಲದ್ದರಿಂದ ನನಗೆ ಟೆನೆಕ್ಟೆಪ್ಲೇಸ್ ಇಷ್ಟ. ಆದರೆ ಹೃದಯಾಘಾತಕ್ಕೆ ಇದೇ ಔಷಧಿಯ ಪ್ರಮಾಣ ಸುಮಾರು ಎರಡರಷ್ಟು, ಗರಿಷ್ಠ 50. ಕ್ಯಾಶುವಾಲ್ಟಿಯಲ್ಲಿ ಹೃದಯದ ಚಾರ್ಟ್ ಗೋಡೆಗೆ ಅಂಟಿರುತ್ತದೆ, ಸ್ಟ್ರೋಕಿನದು ಇರುವುದಿಲ್ಲ. ಲೆಕ್ಕವನ್ನು ಇಬ್ಬರು ಬಾಯಿ ಬಿಟ್ಟು ಹೇಳಿಯೇ ಸಿರಿಂಜಿಗೆ ತುಂಬಿ.

ಥ್ರಾಂಬೆಕ್ಟಮಿ ಮಾಡೋ ಆಸ್ಪತ್ರೆ ನಮ್ಮಿಂದ ನೂರಾರು ಕಿಲೋಮೀಟರ್. ಕಳಿಸಿ ಏನು ಪ್ರಯೋಜನ?

ಪ್ರಯೋಜನವಿದೆ. ಥ್ರಾಂಬೆಕ್ಟಮಿ ಎಂದರೆ ರಕ್ತನಾಳದೊಳಗೆ ಕೊಳವೆ ತೂರಿಸಿ ಹೆಪ್ಪನ್ನು ಹೊರತೆಗೆಯುವುದು. 2015ರಲ್ಲಿ ಬಂದ ಐದು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ದೊಡ್ಡ ನಾಳ ಕಟ್ಟಿಕೊಂಡ ಸರಾಸರಿ 2.6 ಮಂದಿಗೆ ಹೆಪ್ಪು ತೆಗೆದರೆ ಒಬ್ಬರ ಅಂಗವೈಕಲ್ಯ ಕನಿಷ್ಠ ಒಂದು ಹಂತ ಇಳಿಯುತ್ತದೆ ಎಂದು ತಿಳಿಯಿತು. 2018ರ ಡಾನ್, ಡಿಫ್ಯೂಸ್-3 ಅಧ್ಯಯನಗಳು ಚಿತ್ರಣ ನೋಡಿ ಆಯ್ದವರಲ್ಲಿ ಹೆಪ್ಪು ತೆಗೆಯಬಹುದಾದ ಅವಧಿಯನ್ನು 24 ಮತ್ತು 16 ಗಂಟೆಯವರೆಗೆ ಒಯ್ದವು. ಹಾಗಾಗಿ ನಾಲ್ಕೂವರೆ ಗಂಟೆ ದಾಟಿತೆಂದು ಕೈ ಚೆಲ್ಲಬೇಡಿ.

ಸಿಟಿ ಇರುವ ಹತ್ತಿರದ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಮುಂದೆ ಕಳಿಸುವುದೋ, ನೇರ ದೂರದ ದೊಡ್ಡ ಆಸ್ಪತ್ರೆಗೇ ಒಯ್ಯುವುದೋ ಎಂಬ ಪ್ರಶ್ನೆಯೂ ಬರುತ್ತದೆ. ಸ್ಪೇನಿನ ಕ್ಯಾಟಲೋನಿಯಾದಲ್ಲಿ ನಡೆದ ರೇಸ್‌ಕ್ಯಾಟ್ ಅಧ್ಯಯನದಲ್ಲಿ (2022) ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ, ಆದರೆ ಅಲ್ಲಿ ಸಣ್ಣ ಆಸ್ಪತ್ರೆಗಳೂ ಚುರುಕಾಗಿದ್ದವು. ನಮ್ಮ ರಸ್ತೆಗಳಲ್ಲಿ, ಹತ್ತಿರದ ಆಸ್ಪತ್ರೆ ಇಂಜೆಕ್ಷನ್ ಕೊಡುತ್ತದೆ ಎಂದು ಖಚಿತವಿದ್ದರೆ ಮೊದಲು ಅಲ್ಲಿಗೇ ಒಯ್ಯಿರಿ ಎನ್ನುತ್ತೇನೆ.

ಬ್ಲೀಡ್ ಆದವರಿಗೆ ಮಾಡೋಕೆ ಏನೂ ಇಲ್ಲ ಅಂತಾರಲ್ಲ?

ಈ ಮಾತಿನಿಂದಲೇ ಎಷ್ಟೋ ಜನರನ್ನು ಮೂಲೆಯ ಹಾಸಿಗೆಗೆ ತಳ್ಳಿದ್ದೇವೆ. 2023ರ ಇಂಟರಾಕ್ಟ್-3 ಅಧ್ಯಯನ ಭಾರತವೂ ಸೇರಿ ಹತ್ತು ದೇಶಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ನಡೆಯಿತು. ಮೇಲಿನ ಬಿಪಿಯನ್ನು ಒಂದು ಗಂಟೆಯೊಳಗೆ 140ರ ಕೆಳಗೆ ತರುವುದು, ಶುಗರ್ ಮತ್ತು ಜ್ವರ ಹತೋಟಿ, ವಾರ್ಫರಿನ್ ಪ್ರಭಾವ ಬೇಗ ತೆಗೆಯುವುದು, ಇಷ್ಟನ್ನು ಒಟ್ಟಿಗೆ ಮಾಡಿದಾಗ ಗುಣ ಕಂಡಿತು. ಎಲ್ಲವೂ ಜಿಲ್ಲಾ ಆಸ್ಪತ್ರೆಯಲ್ಲಿ ಸಾಧ್ಯ.

ಹತ್ತು ನಿಮಿಷ ಬಾಯಿ ಸೊಟ್ಟಗಾಗಿತ್ತು, ಈಗ ಸರಿಹೋಗಿದೆ. ಮನೆಗೆ ಕಳಿಸಿದ್ರೆ ಆಗಲ್ವಾ?

ಅದು ಟಿಐಎ ಇರಬಹುದು. ಮುಂದಿನ ಎರಡು ದಿನ ಅತಿ ಅಪಾಯದ ದಿನಗಳು. ಆಕ್ಸ್‌ಫರ್ಡ್‌ನಲ್ಲಿ ಇಂಥವರಿಗೆ ತಕ್ಷಣ ಪರೀಕ್ಷೆ, ಚಿಕಿತ್ಸೆ ಶುರು ಮಾಡಿದಾಗ ಮೂರು ತಿಂಗಳೊಳಗೆ ಮತ್ತೆ ಸ್ಟ್ರೋಕ್ ಆಗುವ ಪ್ರಮಾಣ ನೂರಕ್ಕೆ 10.3ರಿಂದ 2.1ಕ್ಕೆ ಇಳಿಯಿತು (2007). ಇಸಿಜಿ, ಕುತ್ತಿಗೆಯ ರಕ್ತನಾಳದ ಚಿತ್ರಣ ಅವತ್ತೇ ಆಗಲಿ. ಸಿಟಿಯಲ್ಲಿ ರಕ್ತಸ್ರಾವ ಇಲ್ಲದೆ, ಅಪಾಯ ಹೆಚ್ಚಿರುವವರಾದರೆ ಆಸ್ಪಿರಿನ್ ಜೊತೆ ಕ್ಲೋಪಿಡೊಗ್ರೆಲ್ 21 ದಿನ. ಚೀನಾದ ಚಾನ್ಸ್ ಅಧ್ಯಯನದಿಂದ (2013) ಬಂದ ಪಾಠ ಇದು.

## ಇನ್ನೂ ಆಳಕ್ಕೆ

ಬಾಣಂತಿ, ಹನ್ನೆರಡನೇ ದಿನ. ತಲೆನೋವು, ಆಮೇಲೆ ಫಿಟ್ಸ್. ಬಿಪಿ ನಾರ್ಮಲ್. ಏನಂತ ತಿಳಿಯೋದು?

ಬೇರೆ ಏನೆಂದು ಸಾಬೀತಾಗುವವರೆಗೂ ಸಿವಿಟಿ, ಅಂದರೆ ಮೆದುಳಿನ ಸಿರೆಗಳಲ್ಲಿ ಹೆಪ್ಪು ಎಂದೇ ತಿಳಿಯಿರಿ. ನಮ್ಮ ದೇಶದ ಹರೆಯದ ಹೆಣ್ಣುಮಕ್ಕಳಲ್ಲಿ ಇದನ್ನು ನಾವು ಮರೆಯುವಂತಿಲ್ಲ. ಹೆರಿಗೆಯ ನಂತರ ರಕ್ತ ಹೆಪ್ಪುಗಟ್ಟುವ ಗುಣ ಮೊದಲೇ ಹೆಚ್ಚಿರುತ್ತದೆ. ಅದರ ಮೇಲೆ ಬಾಣಂತಿಗೆ ನೀರು ಕೊಡಬಾರದು ಎಂಬ ಪದ್ಧತಿ, ಬೆಚ್ಚನೆಯ ಕತ್ತಲೆ ಕೋಣೆ, ರಕ್ತಹೀನತೆ. ಮೂರೂ ಸೇರುತ್ತವೆ. ತಲೆನೋವು ಎಂದರೆ "ತಂಡಿ ಹತ್ತಿದೆ" ಎಂದು ತಲೆಗೆ ಬಟ್ಟೆ ಬಿಗಿಯುತ್ತಾರೆ. ಮಂಕಾಗಿ ಏನೇನೋ ಮಾತಾಡಿದರೆ "ಬಾಣಂತಿ ಸನ್ನಿ" ಎನ್ನುತ್ತಾರೆ. ಆಸ್ಪತ್ರೆಗೆ ಬರುವಷ್ಟರಲ್ಲಿ ನಾಲ್ಕು ದಿನ ಕಳೆದಿರುತ್ತದೆ.

ಪ್ಲೇನ್ ಸಿಟಿ ನಾರ್ಮಲ್ ಬಂದರೂ ಬಿಡಬೇಡಿ, ಸಿರೆಗಳ ಚಿತ್ರಣವಾದ ವೀನೋಗ್ರಾಂ ಮಾಡಿಸಿ. ಕಿರಿಯರಿಗೆ ಕೈ ನಡುಗುವುದು ಮುಂದಿನ ಹೆಜ್ಜೆಯಲ್ಲಿ: ಸಿಟಿಯಲ್ಲಿ ರಕ್ತಸ್ರಾವ ಕಾಣುತ್ತಿದ್ದರೂ ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಕೊಡಬೇಕು. ರಕ್ತ ಹೊರಹೋಗುವ ದಾರಿ ಮುಚ್ಚಿದ್ದಕ್ಕೆ ಒತ್ತಡ ಏರಿ ಅದು ಸೋರಿದೆ. ದಾರಿ ತೆರೆಯದಿದ್ದರೆ ಇನ್ನೂ ಸೋರುತ್ತದೆ. ಸರಿಯಾದ ಹೊತ್ತಿಗೆ ಗುರುತಿಸಿದರೆ ಹೆಚ್ಚಿನವರು ಮಗುವನ್ನು ಎತ್ತಿಕೊಂಡು ನಡೆದೇ ಮನೆಗೆ ಹೋಗುತ್ತಾರೆ. ನನ್ನ ವೃತ್ತಿಯಲ್ಲಿ ಅದಕ್ಕಿಂತ ಸಮಾಧಾನದ ದೃಶ್ಯ ಬೇರೆ ಇಲ್ಲ. ಆಶಾ ಕಾರ್ಯಕರ್ತೆಯರಿಗೆ, ಎಎನ್‌ಎಂಗಳಿಗೆ ಒಂದೇ ಮಾತು ಹೇಳಿಡಿ: ಬಾಣಂತಿಗೆ ಬಾಯಾರಿದಷ್ಟು ನೀರು, ಬಿಡದ ತಲೆನೋವಿಗೆ ಆಸ್ಪತ್ರೆ.

ಮೂವತ್ತು ವರ್ಷದವನಿಗೆ ಸ್ಟ್ರೋಕ್. ಎಲ್ಲಿಂದ ಹುಡುಕಲಿ?

ಸ್ಟೆತಸ್ಕೋಪಿನಿಂದ. ನಮ್ಮಲ್ಲಿ ರುಮ್ಯಾಟಿಕ್ ಹೃದಯ ಕಾಯಿಲೆ ಇನ್ನೂ ಹೋಗಿಲ್ಲ. ಅಂಥವರಿಗೆ ಹೃದಯ ಬಡಿತ ಏರುಪೇರಾಗಿದ್ದರೆ ರಕ್ತ ತೆಳುವಾಗಿಸುವ ಹೊಸ ಮಾತ್ರೆಗಿಂತ ವಾರ್ಫರಿನ್ ಗುಂಪಿನ ಔಷಧಿಯೇ ಮೇಲು ಎಂದು ಇನ್‌ವಿಕ್ಟಸ್ (2022) ತೋರಿಸಿದೆ. ಎರಡೂ ಕೈಯ ನಾಡಿ, ಬಿಪಿ ನೋಡಿ, ವ್ಯತ್ಯಾಸವಿದ್ದರೆ ದೊಡ್ಡ ರಕ್ತನಾಳಗಳು ಉರಿಯೂತದಿಂದ ಕಿರಿದಾಗುವ ಟಕಯಾಸು ಕಾಯಿಲೆ ನೆನಪಿರಲಿ. ಕುತ್ತಿಗೆ ನೋವಿದ್ದರೆ ನಾಳದ ಒಳಪದರ ಸೀಳಿರುವುದು, ವಾರಗಟ್ಟಲೆ ಜ್ವರ ತಲೆನೋವಿದ್ದರೆ ಕ್ಷಯದ ಮೆನಿಂಜೈಟಿಸ್, ಪದೇ ಪದೇ ಗರ್ಭಪಾತವಾಗಿದ್ದರೆ ರಕ್ತ ಸುಲಭವಾಗಿ ಹೆಪ್ಪುಗಟ್ಟುವ ಆಂಟಿಫಾಸ್ಫೊಲಿಪಿಡ್ ಕಾಯಿಲೆ. ಹೊಲದಿಂದ ಬಂದವರಾದರೆ ಮಂಡಲದ ಹಾವಿನ ಕಡಿತವನ್ನೂ ಕೇಳಿ.

ಮೆದುಳು ಊದಿಕೊಂಡಿದೆ, ತಲೆಬುರುಡೆ ತೆಗೀಬೇಕು. ಇದನ್ನ ಮನೆಯವರಿಗೆ ಹೇಗೆ ಹೇಳೋದು?

ನಿಜವನ್ನು ಪೂರ್ತಿ ಹೇಳಿ. ಅರವತ್ತರ ಒಳಗಿನವರಿಗೆ 48 ಗಂಟೆಯೊಳಗೆ ಬುರುಡೆಯ ಒಂದು ಭಾಗ ತೆಗೆದು ಒತ್ತಡ ಇಳಿಸಿದರೆ ನೂರಕ್ಕೆ 78 ಮಂದಿ ಬದುಕುತ್ತಾರೆ, ಮಾಡದಿದ್ದರೆ 29. ಮೂರು ಯುರೋಪಿಯನ್ ಅಧ್ಯಯನಗಳ ಒಟ್ಟು ಲೆಕ್ಕ ಇದು (2007). ಆದರೆ ಬದುಕಿದವರಲ್ಲಿ ಹಲವರಿಗೆ ಜೀವಮಾನವಿಡೀ ಇನ್ನೊಬ್ಬರ ಆಸರೆ ಬೇಕಾಗುತ್ತದೆ, ಅರವತ್ತು ದಾಟಿದವರಲ್ಲಿ ಬಹುಪಾಲು ಜನಕ್ಕೆ. "ಜೀವ ಉಳಿಯುವ ಸಾಧ್ಯತೆ ಹೆಚ್ಚು. ಮೊದಲಿನ ಹಾಗೆ ಆಗುತ್ತಾರೆ ಎಂದು ಹೇಳಲಾರೆ. ಅವರೇ ಮಾತಾಡುವಂತಿದ್ದರೆ ಏನು ಹೇಳುತ್ತಿದ್ದರು?" ಎಂದು ಕೇಳಿ ಸುಮ್ಮನೆ ಕೂರಿ. ಆ ಮೌನವನ್ನು ತುಂಬಲು ಹೋಗಬೇಡಿ.

ಮನೆಯವರು ನಾಟಿ ಔಷಧಿಗೆ ಕರ್ಕೊಂಡು ಹೋಗ್ತೀವಿ, ಪಾರಿವಾಳದ ರಕ್ತ ಹಚ್ಚಿಸ್ತೀವಿ ಅಂತಾರೆ. ಜಗಳ ಆಡಲಾ?

ಬೇಡ. ಜಗಳವಾಡಿದರೆ ರೋಗಿ ನಿಮ್ಮ ಕೈತಪ್ಪುತ್ತಾರೆ, ಮಾತ್ರೆಯೂ ನಿಲ್ಲುತ್ತದೆ. "ಅಮ್ಮಾ, ಮೊದಲ ದಿನದ ಚಿಕಿತ್ಸೆ ಇಲ್ಲಿ ಮುಗಿಸೋಣ. ರಕ್ತ ಹಚ್ಚಿದರೆ ಗುಣವಾಗಲ್ಲ, ಆ ಹೊತ್ತು ಕಳೆದರೆ ಮಾತ್ರ ಮತ್ತೆ ಸಿಗಲ್ಲ. ಬಿಪಿ ಮಾತ್ರೆ ಒಂದು ದಿನವೂ ನಿಲ್ಲಿಸಬೇಡಿ" ಎಂದು ಸಮಾಧಾನದಿಂದ ಹೇಳಿ. ಲಕ್ವ ಹೊಡೆದವರಲ್ಲಿ ಕೆಲವರು ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ, ಆ ಹೆಸರು ಔಷಧಿಗೆ ಹೋಗುತ್ತದೆ. ಇದನ್ನೂ ಬಿಡಿಸಿ ಹೇಳಿ.

ಫಿಸಿಯೊಥೆರಪಿ ಮೊದಲ ದಿನದಿಂದಲೇ ಜೋರಾಗಿ ಮಾಡಿಸಬೇಕಾ?

ಜೋರಾಗಿ ಬೇಡ. 24 ಗಂಟೆಯೊಳಗೆ ಪದೇ ಪದೇ ಎಬ್ಬಿಸಿ ನಡೆಸಿದವರಲ್ಲಿ ಫಲಿತಾಂಶ ಕೆಟ್ಟಿತು ಎಂದು ಅವರ್ಟ್ (2015) ಹೇಳಿತು. ಮನೆಯವರಿಗೇ ತರಬೇತಿ ಕೊಟ್ಟು ಮನೆಯಲ್ಲಿ ವ್ಯಾಯಾಮ ಮಾಡಿಸುವ ಯೋಚನೆಯನ್ನು ಭಾರತದಲ್ಲೇ ಅಟೆಂಡ್ (2017) ಪರೀಕ್ಷಿಸಿತು, ನಾವು ಆಸೆಪಟ್ಟ ಲಾಭ ಕಾಣಲಿಲ್ಲ. ತರಬೇತಿ ಪಡೆದ ಫಿಸಿಯೊಥೆರಪಿಸ್ಟ್‌ಗಳು ಜಿಲ್ಲೆಗೆ ಬೇಕೇ ಬೇಕು ಎಂದು ನಾನು ವಾದಿಸುವುದು ಇದರಿಂದಲೇ.

ಸ್ಟ್ರೋಕ್ ವಿಷಯದಲ್ಲೇ ಮುಂದುವರಿಯಬೇಕು ಅನ್ನಿಸಿದೆ. ದಾರಿ ಯಾವುದು?

ಎಂಡಿ ಮೆಡಿಸಿನ್ ಅಥವಾ ಪೀಡಿಯಾಟ್ರಿಕ್ಸ್, ಆಮೇಲೆ ಮೂರು ವರ್ಷದ ಡಿಎಂ ನ್ಯೂರಾಲಜಿ, ನಂತರ ಸ್ಟ್ರೋಕ್ ಫೆಲೋಶಿಪ್. ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ಹತ್ತಿರದ ಹೆಸರುಗಳು. ಹೆಪ್ಪು ತೆಗೆಯುವ ಕೆಲಸಕ್ಕೆ ರೇಡಿಯಾಲಜಿ, ನ್ಯೂರೋಸರ್ಜರಿಯಿಂದಲೂ ಬರಬಹುದು. ಯುರೋಪಿಯನ್ ಸ್ಟ್ರೋಕ್ ಆರ್ಗನೈಸೇಷನ್ ಕಿರಿಯ ವೈದ್ಯರಿಗೆಂದೇ ಬೇಸಿಗೆ ಶಾಲೆ ನಡೆಸುತ್ತದೆ, ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಚಳಿಗಾಲದ ಶಾಲೆಯೂ ಇದೆ.

ಸೋಮವಾರ ಡ್ಯೂಟಿಗೆ ಹಿಂತಿರುಗ್ತೀನಿ. ಮೊದಲು ಏನು ಮಾಡಲಿ?

ಸಿಟಿ ಇರುವ ಹತ್ತಿರದ ಎರಡು ಆಸ್ಪತ್ರೆಗಳಿಗೆ ನೀವೇ ಫೋನ್ ಮಾಡಿ, ರಾತ್ರಿ ಎರಡು ಗಂಟೆಗೆ ಯಾರು ಎತ್ತುತ್ತಾರೆ ಎಂದು ಕೇಳಿ. ಆ ನಂಬರನ್ನು ಕ್ಯಾಶುವಾಲ್ಟಿ ಮೇಜಿನ ಗಾಜಿನ ಕೆಳಗೆ ಇಡಿ. ಗ್ಲೂಕೋಮೀಟರಿನ ಸ್ಟ್ರಿಪ್ ಅವಧಿ ಮುಗಿದಿದೆಯಾ ನೋಡಿ. ಬಾಗಿಲಲ್ಲಿ ಮೊದಲು ರೋಗಿಯನ್ನು ಕಾಣುವ ಸೆಕ್ಯುರಿಟಿಯವರಿಗೆ ಬಾಯಿ ಸೊಟ್ಟ, ಕೈ ಬಿದ್ದಿದೆ, ಮಾತು ತೊದಲು ಎಂಬ ಮೂರನ್ನು ಹೇಳಿಕೊಡಿ. ಕಂಡರೆ ಓಪಿಡಿ ಚೀಟಿ ಸಾಲಿಗೆ ಕಳಿಸದೆ ನೇರ ಒಳಗೆ ಬಿಡಲಿ. ಆಮೇಲೆ ಒಂದು ಕುರ್ಚಿ ಹಾಕಿಕೊಂಡು ಕ್ಯಾಶುವಾಲ್ಟಿಯ ಗೋಡೆ ಗಡಿಯಾರ ಇಳಿಸಿ, ಹೊಸ ಸೆಲ್ ಹಾಕಿ, ನಿಮ್ಮ ಮೊಬೈಲಿನ ಸಮಯಕ್ಕೆ ಹೊಂದಿಸಿ ಮತ್ತೆ ನೇತುಹಾಕಿ.